ಬಿಡ್ರೀ ಅಂದದ್ದು ಯಾರಿಗೆ

ಈಗ ಯಾವ ಕಟ್ಟಡದೊಳಗೆ ಕಾಲಿಟ್ಟರೂ ನನ್ನ ಕಣ್ಣು ಮೊದಲು ಮೇಲಕ್ಕೆ ಹೋಗುತ್ತದೆ. ಮೊನ್ನೆ ಸೊರಬದ ಕಲ್ಯಾಣ ಮಂಟಪವೊಂದರಲ್ಲಿ ಅಕ್ಷತೆ ಹಿಡಿದು ನಿಂತವನು ಮದುಮಕ್ಕಳನ್ನು ನೋಡದೆ ಚಾವಣಿಯನ್ನು ಹೊತ್ತ ಕಬ್ಬಿಣದ ತ್ರಿಕೋನ ಟ್ರಸ್ಸುಗಳನ್ನೇ ದಿಟ್ಟಿಸುತ್ತಿದ್ದೆ. ಪಕ್ಕದಲ್ಲಿದ್ದ ಹೆಣ್ಣಿನ ಸೋದರಮಾವ, 'ಸೆಕೆ ಆಯ್ತಾ ಸರ್, ಫ್ಯಾನ್ ಹಾಕಿಸ್ಲಾ?' ಎಂದು ಕೇಳಿದರು. ಬೇಡ ಎನ್ನುವಷ್ಟರಲ್ಲಿ ತಾಳಿ ಕಟ್ಟಿಯಾಗಿತ್ತು. ಊಟಕ್ಕೆ ಕೂತು ಎಲೆ ತೊಳೆಯಲು ಹೋದಾಗ ನೋಡಿದರೆ ಅಕ್ಷತೆ ಇನ್ನೂ ಮುಷ್ಟಿಯಲ್ಲೇ ಇತ್ತು.

ನಾನು ಸೊರಬದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ಬಲಗಳ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಒಂದು ತ್ರಿಕೋನ ಬರೆದು, ಇದಕ್ಕಿಂತ ಗಟ್ಟಿಯಾದ ಆಕಾರ ಲೋಕದಲ್ಲಿಲ್ಲ, ಇದರ ಮೂರು ಬದಿಯಲ್ಲಿ ಯಾವ ಒಂದನ್ನು ತೆಗೆದರೂ ಉಳಿದೆರಡು ಸೋಲುತ್ತವೆ ಎಂದು ಬಹಳ ಗತ್ತಿನಿಂದ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ. ಆದರೆ ಕೆಳಗಿನ ಅಡ್ಡಗೆರೆ ಎಳೆಯುವಾಗ ಸೀಮೆಸುಣ್ಣ ಮುರಿಯುತ್ತದೆ. ಮಕ್ಕಳು ಹಳೇ ಬೋರ್ಡಿನ ತಪ್ಪು ಅಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಕಾರಣ ಶಿಕಾರಿಪುರದಲ್ಲಿದೆ. ಅಲ್ಲಿ ನನ್ನ ಅಕ್ಕನ ಗಂಡನ ವರ್ಕ್‌ಶಾಪಿದೆ. ಭಾವ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುತ್ತಿದ್ದವರು, ಈಚಿನ ವರ್ಷಗಳಲ್ಲಿ ಭತ್ತ ಕೊಯ್ಯುವ ಹಾರ್ವೆಸ್ಟರುಗಳ ರಿಪೇರಿಗೂ ಕೈ ಹಾಕಿದ್ದರು. ಶೆಡ್ಡು ಹಿಂದೊಮ್ಮೆ ಭತ್ತದ ಗೋದಾಮು. ಮಣ್ಣಿಗೆ ಕಲ್ಲು ಸೇರಿಸಿ ಕಟ್ಟಿದ ದಪ್ಪ ಗೋಡೆ, ಮರದ ಟ್ರಸ್ಸು, ಮೇಲೆ ಮಂಗಳೂರು ಹಂಚು. ಮೂಟೆ ಇಡಲು ಎತ್ತರ ಯಾಕೆ ಬೇಕು? ಹಾಗಾಗಿ ಗೋಡೆಯಿಂದ ಗೋಡೆಗೆ ಹಾಯ್ದ ಅಡ್ಡತೊಲೆಗಳು ಕೆಳಮಟ್ಟದಲ್ಲೇ ಇದ್ದವು. ಟ್ರೇಲರು ಒಳಗೆ ಬರುತ್ತಿತ್ತು. ಹಾರ್ವೆಸ್ಟರು ಬಾಗಿಲವರೆಗೆ ಬಂದು, ತಲೆ ತಾಗಿಸಿ, ಒಳಗೆ ಬಾರದ ಬೀಗರ ಹಾಗೆ ಅಂಗಳದಲ್ಲೇ ನಿಲ್ಲುತ್ತಿತ್ತು.

ಹಾರ್ವೆಸ್ಟರು ರಿಪೇರಿಗೆ ಬರುವುದೇ ಮಳೆಗಾಲದಲ್ಲಿ, ಗದ್ದೆಯಲ್ಲಿ ಅದಕ್ಕೆ ಕೆಲಸವಿಲ್ಲದಾಗ. ಭಾವ ಅಂಗಳದಲ್ಲಿ ತಾಡಪಾಲು ಕಟ್ಟಿ ವೆಲ್ಡಿಂಗ್ ಮಾಡುತ್ತಿದ್ದರು. ಹೋದ ಮಳೆಗಾಲದಲ್ಲಿ ತಾಡಪಾಲಿನಲ್ಲಿ ನಿಂತ ನೀರು ಒಮ್ಮೆಗೇ ಮೈಮೇಲೆ ಸುರಿದು, ಕೈಯಲ್ಲಿದ್ದ ಹೋಲ್ಡರಿನಿಂದ ಕರೆಂಟು ಹೊಡೆದು, ಭಾವ ಕೆಸರಿಗೆ ಬಿದ್ದಿದ್ದರು. ಎಚ್ಚರ ಬರಲು ಸ್ವಲ್ಪ ಹೊತ್ತೇ ಹಿಡಿದಿತ್ತು. ಆ ಹೊತ್ತಿನಲ್ಲಿ ಅಕ್ಕ ಏನೇನು ಅಂದುಕೊಂಡಳೋ ಯಾರಿಗೂ ಹೇಳಲಿಲ್ಲ. ಎದ್ದು ಕೂತ ಗಂಡನಿಗೆ ಒಂದೇ ಮಾತು ಹೇಳಿದಳು: 'ಬರೋ ಮಳೆಗಾಲಕ್ಕೆ ಒಂದಾ ಹಾರ್ವೆಸ್ಟರ್ ಸೂರಿನ ಒಳಗೆ ಬರ್ಬೇಕು, ಇಲ್ಲಾ ಈ ಅಂಗಳಕ್ಕೇ ಬರ್ಬಾರ್ದು.' ಬರದಿದ್ದರೆ ಮಳೆಗಾಲವಿಡೀ ವರ್ಕ್‌ಶಾಪಿಗೆ ಬಾಗಿಲು. ಬಂದರೆ ಎತ್ತರ ಬೇಕು. ಹೀಗೆ ಮೇ ತಿಂಗಳಲ್ಲಿ ಭಾವ ಟ್ರಸ್ಸುಗಳ ಅಡ್ಡತೊಲೆ ಕತ್ತರಿಸಲು ಹೊರಟರು.

ಅಡ್ಡತೊಲೆ ಎಂದರೆ ನನ್ನ ತ್ರಿಕೋನದ ಕೆಳಗಿನ ಗೆರೆ. ಎರಡೂ ಕಡೆಯ ಇಳಿಜಾರು ಮರಗಳು ನುಣುಪು ನೆಲದ ಮೇಲೆ ನಿಂತ ಎಳೆಗರುವಿನ ಕಾಲಿನ ಹಾಗೆ ಅತ್ತ ಇತ್ತ ಜಾರದಂತೆ ಹಿಡಿದಿಡುವುದು ಅದೇ. ಅದನ್ನು ಕತ್ತರಿಸಿದರೆ ಮಾಡು ಕುಸಿಯುತ್ತದೆ, ಗೋಡೆ ಹೊರಕ್ಕೆ ವಾಲುತ್ತದೆ. ಭಾವನಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಅವರ ಯೋಜನೆಯೂ ಕೆಟ್ಟದ್ದಲ್ಲ. ಇಳಿಜಾರು ಮರಗಳಿಗೆ ಎರಡೂ ಬದಿ ಕಬ್ಬಿಣದ ಪಟ್ಟಿ ಕಚ್ಚಿಸಿ ಬಲ ಕೊಡುವುದು, ಕೆಳಗಿನ ತೊಲೆ ತೆಗೆದು ಅದಕ್ಕಿಂತ ಮೇಲೆ ಕಬ್ಬಿಣದ ಚಾನೆಲ್ಲೊಂದನ್ನು ಅಡ್ಡಕ್ಕೆ ಬೋಲ್ಟು ಮಾಡುವುದು. ನಡುವಿನ ಹೊತ್ತಿನಲ್ಲಿ ಕರುವಿನ ಕಾಲು ಜಾರದಿರಲು ಗೋಡೆಯ ತಲೆಯಿಂದ ತಲೆಗೆ ಚೈನ್ ಬ್ಲಾಕ್, ಅಂದರೆ ಭಾರ ಎಳೆದು ಹಿಡಿಯುವ ರಾಟೆಯ ಸರಪಳಿ, ಬಿಗಿಯುವುದು. ಆ ಭಾಗದ ಹಂಚನ್ನೆಲ್ಲ ಮೊದಲೇ ಇಳಿಸಿ ಮಾಡಿನ ಭಾರ ಕಡಿಮೆ ಮಾಡಿದ್ದರು. ಬೇರೆ ಟ್ರಸ್ಸುಗಳನ್ನು ಹೀಗೆಯೇ ಮುಗಿಸಿ ಆಗಿತ್ತು. ಎಲ್ಲವೂ ಸಲೀಸಾಗಿ ನಡೆದಿತ್ತು. ಅಂದರೆ ನಾನು ಅಲ್ಲಿ ಇರಲಿಲ್ಲ.

ಕೊನೆಯ ಟ್ರಸ್ಸಿನ ದಿನ ನನಗೆ ರಜೆ. ಅಕ್ಕ ಫೋನ್ ಮಾಡಿ, 'ಸುಮ್ನೆ ಬಂದು ನಿಂತ್ಕೋ ಮಾರಾಯಾ, ಓದಿದವ್ನು ಒಬ್ಬ ಇದ್ದ ಅಂತ ನಂಗೆ ಧೈರ್ಯ' ಎಂದಿದ್ದಳು. ಸುಮ್ಮನೆ ನಿಲ್ಲುವುದು ನನ್ನಿಂದ ಸಾಧ್ಯ ಎಂದು ಅವಳಿಗೆ ಯಾಕೆ ಅನ್ನಿಸಿತೋ. ನಾನು ಬೆಳಗಿನ ಬಸ್ಸು ಹಿಡಿದು ಹೋದೆ.

ಒಂದು ವಿಷಯ ಇಲ್ಲಿ ಹೇಳಬೇಕು. ನಾನು ಓದುವ ಹುಡುಗನಾಗಿದ್ದಾಗ ಭಾವ ನನ್ನನ್ನು 'ಬಾರೋ, ಹೋಗೋ' ಎಂದೇ ಕರೆಯುತ್ತಿದ್ದರು. ಕೆಲಸ ಸಿಕ್ಕಿದ ದಿನದಿಂದ ಅದು 'ಬರ್ರೀ ಮೇಷ್ಟ್ರೇ' ಆಯಿತು. ಅರ್ಧ ಮರ್ಯಾದೆ, ಅರ್ಧ ಗೇಲಿ. ನಾನು ಒಂದೆರಡು ಸಲ ಬೇಡ ಭಾವ ಎಂದೆ. ಮೂರನೆಯ ಸಲ ಹೇಳಲಿಲ್ಲ, ಯಾಕೆಂದರೆ ಒಳಗೊಳಗೇ ಹಿತವಾಗಿತ್ತು.

ಶೆಡ್ಡಿನಲ್ಲಿ ಆ ದಿನ ಇನ್ನೊಬ್ಬರಿದ್ದರು. ಈಸೂರಿನ ಕಡೆಯ ಹಿರಿಯರು, ಹೊಲದ ಜೊತೆಗೆ ಕುರಿ ಸಾಕುವವರು. ಅವರ ಟ್ರೇಲರು ರಿಪೇರಿಗೆ ಬಂದಿತ್ತು. ಭಾವ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕಟ್ಟುಮಸ್ತಾದ ಆಳು. ತೊಲೆ ಇಳಿಸುವ ಹಗ್ಗ ಹಿಡಿಯಲು ಭಾವ ಅವರನ್ನು ಒಪ್ಪಿಸಿದ್ದರು. ಮಾಡಿನ ನೆತ್ತಿಗೆ ತೂಗುಹಾಕಿದ ರಾಟೆಯ ಮೇಲಿಂದ ಹಗ್ಗ ಹಾಯ್ದು ಬಂದು, ಒಂದು ತುದಿ ತೊಲೆಯನ್ನು ಅಪ್ಪಿಕೊಂಡಿತ್ತು, ಇನ್ನೊಂದು ತುದಿ ಕಾಕಾನ ಕೈಯಲ್ಲಿತ್ತು. 'ಕಾಕಾ, ನಾ ಏಣಿ ಇಳದು ಪಕ್ಕಕ್ಕ ನಿಂತು ಹೇಳ್ತೀನಿ, ಆಗ ಬಿಡ್ರಿ. ಒಮ್ಮೆಗೇ ಅಲ್ಲ, ಸ್ವಲ್ಪ ಸ್ವಲ್ಪ' ಎಂದು ಭಾವ ಹೇಳಿದ್ದರು. 'ನೀ ಹೇಳು, ನಾ ಬಿಡ್ತೀನಿ' ಎಂದಿದ್ದರು ಕಾಕಾ. ನನಗೆ ಕೊಟ್ಟ ಕೆಲಸ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದು.

ತೊಲೆಯ ಒಂದು ತುದಿ ಕತ್ತರಿಸಿ ಆಗಿತ್ತು. ಭಾವ ಏಣಿ ಹತ್ತಿ ಇನ್ನೊಂದು ತುದಿಗೆ ಮಷಿನ್ ಗರಗಸ ಇಟ್ಟರು. ಕಿವಿ ಕಿತ್ತುಹೋಗುವ ಸದ್ದು, ಮಳೆಯಂತೆ ಮರದ ಹುಡಿ. ಕೊನೆಗೆ ತೊಲೆ ಗೋಡೆಯನ್ನು ಬಿಟ್ಟು ಒಮ್ಮೆ ತೂಗಿ ಹಗ್ಗದಲ್ಲಿ ನಿಂತಿತು. ಮೇಲೆ ಚೈನು ಟಿಣ್ ಎಂದು ಬಿಗಿಯಿತು. ಭಾವ ಮಷಿನ್ ಆರಿಸಿ ಗೋಡೆಯ ತಲೆಯ ಮೇಲಿಟ್ಟರು. ಆಗ ಒಂದು ಮೌನ ಬಂತು ನೋಡಿ, ಅಂಥ ಮೌನ ಕಂಡರೆ ಪಾಠ ಹೇಳುವವನಿಗೆ ತಡೆಯುವುದಿಲ್ಲ. ನಾನು ಕುರ್ಚಿಯಿಂದ ಎದ್ದೆ. ಕೈ ಹಿಂದಕ್ಕೆ ಕಟ್ಟಿಕೊಂಡು ನಾಲ್ಕು ಹೆಜ್ಜೆ ಮುಂದೆ ಬಂದು ಹೇಳಿದೆ:

'ಭಾವ, ಇದನ್ನೆಲ್ಲ ಕತ್ತರಿಸೋ ಮುಂಚೆ ಒಬ್ಬ ಇಂಜಿನಿಯರ್‌ಗೆ ತೋರಿಸ್ಬಹುದಿತ್ತು ಅಲ್ವಾ?'

ಕತ್ತರಿಸಿ ಆದ ಮೇಲೆ. ತೊಲೆ ಗಾಳಿಯಲ್ಲಿ ನೇತಾಡುತ್ತಿರುವಾಗ.

ಭಾವ ಏಣಿಯ ಮೇಲಿಂದ ನನ್ನ ಕಡೆ ತಿರುಗಿಯೂ ನೋಡದೆ, ಯಾರಾದರೂ ಹೇಳುವಂಥದ್ದನ್ನೇ ಹೇಳಿದರು: 'ಅಯ್ಯ, ಬಿಡ್ರೀ!'

ಕಾಕಾ ಬಿಟ್ಟರು.

ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಹಲ್ಲುಜ್ಜುವಾಗ. ಹಗ್ಗ ರಾಟೆಯಲ್ಲಿ ಹಾವಿನಂತೆ ಸರ್ರನೆ ಓಡುತ್ತದೆ. ತೊಲೆಯ ಒಂದು ತುದಿ ಮೊದಲು ಕೆಳಗೆ ಬಂದು ಏಣಿಯ ಕಾಲಿಗೆ ಹೊಡೆಯುತ್ತದೆ. ಏಣಿ ಪಕ್ಕಕ್ಕೆ ಹಾರುತ್ತದೆ. ಭಾವ ಗಾಳಿಯಲ್ಲಿ ಏನನ್ನೋ ಹುಡುಕುತ್ತಾರೆ, ಕೈಗೆ ಆ ಚೈನು ಸಿಗುತ್ತದೆ. ಇನ್ನೊಂದು ತುದಿ ಕೊನೆಗೆ ಬಿದ್ದು ನೆಲ ನಡುಗುತ್ತದೆ. ಧೂಳು. ಎಲ್ಲಿಂದಲೋ ಒಂದು ಹಂಚು ತಡವಾಗಿ ಬಂದು ಬಿದ್ದು ಒಡೆಯುತ್ತದೆ.

ಧೂಳು ಇಳಿದಾಗ ಭಾವ ಚೈನಿಗೆ ಜೋತುಬಿದ್ದಿದ್ದರು. ಅವರ ಚಪ್ಪಲಿಯ ಕಾಲುಗಳು ನಮ್ಮ ಹೆಗಲಿಗಿಂತ ಸ್ವಲ್ಪ ಮೇಲೆ ಸಣ್ಣಗೆ ಆಡುತ್ತಿದ್ದವು. ಇಡೀ ಟ್ರಸ್ಸನ್ನು ಹಿಡಿದಿದ್ದ ಚೈನು ಈಗ ಅವರನ್ನೂ ಹಿಡಿದಿತ್ತು. ಕೆಳಗೆ ತೊಲೆ ನನ್ನ ಕುರ್ಚಿಯ ಮೇಲೆ ಮಲಗಿತ್ತು. ಕುರ್ಚಿಯ ನಾಲ್ಕು ಕಾಲುಗಳೂ ನಾಲ್ಕು ದಿಕ್ಕಿಗೆ ಚಾಚಿದ್ದವು, ನಾನು ಹೇಳಿದ ಎಳೆಗರುವಿನಂತೆ. ಉಪದೇಶ ಮಾಡಲು ಏಳದೆ ಇದ್ದಿದ್ದರೆ ನಾನು ಅದರಲ್ಲೇ ಕೂತಿರುತ್ತಿದ್ದೆ. ಉಪದೇಶ ಮಾಡದೆ ಇದ್ದಿದ್ದರೆ ತೊಲೆಯೇ ಬೀಳುತ್ತಿರಲಿಲ್ಲ. ಇದನ್ನು ಇವತ್ತಿಗೂ ನನಗೆ ಬಿಡಿಸಲು ಆಗಿಲ್ಲ.

ಇಂಥ ಹೊತ್ತಿನಲ್ಲಿ ತಾನೇನು ಮಾಡುತ್ತೇನೆ ಎಂದು ಪ್ರತಿಯೊಬ್ಬನಿಗೂ ಒಂದು ಕಲ್ಪನೆ ಇರುತ್ತದೆ. ನನ್ನ ಕಲ್ಪನೆಯಲ್ಲಿ ನಾನು ಓಡಿಹೋಗಿ ಹಿಡಿಯುತ್ತಿದ್ದೆ. ನಿಜದಲ್ಲಿ ನಾನು ಪಕ್ಕದ ಡ್ರಿಲ್ಲಿಂಗ್ ಮಷಿನನ್ನು ಎರಡೂ ತೋಳಿನಿಂದ ಅಪ್ಪಿಕೊಂಡು, 'ಹಿಡ್ಕೊಳ್ಳಿ ಭಾವ, ಹಿಡ್ಕೊಳ್ಳಿ!' ಎಂದು ಕಿರುಚುತ್ತಿದ್ದೆ.

ಮೇಲಿಂದ ಉತ್ತರ ಬಂತು. 'ಹಿಡ್ಕಂಡೇನಲ್ರೀ! ಮತ್ತೇನ್ ಮಾಡ್ಲಿ, ಚಪ್ಪಾಳಿ ಹೊಡೀಲಾ?'

ಕಾಕಾ ತೊಲೆಯನ್ನು ದಾಟಿ ಹೋಗಿ ಭಾವನ ಕಾಲ ಕೆಳಗೆ ನಿಂತು ಹೆಗಲು ಕೊಟ್ಟರು. 'ಇಡು ಕಾಲು. ಟಗರು ಹೊತ್ತ ಹೆಗಲು, ನಿನ್ನ ಹೊರಾಕ ಆಗಂಗಿಲ್ಲೇನ್.' ಭಾವ ಆ ಹೆಗಲ ಮೇಲೆ ಕಾಲೂರಿ, ಗೋಡೆ ಸವರುತ್ತ ಇಳಿದು, ನೆಲದ ಮೇಲೆ ಕೂತರು. ಅಂಗೈಯ ಚರ್ಮ ಚೈನಿಗೆ ಸಿಕ್ಕಿ ಸುಲಿದುಹೋಗಿತ್ತು.  ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು.

'ಕಾಕಾ, ಯಾಕ್ರೀ ಬಿಟ್ರಿ?'

'ಬಿಡ್ರೀ ಅಂದ್ಯಲ್ಲಪಾ. ಬಿಟ್ಟೆ.'

'ಅದು ಮೇಷ್ಟ್ರಿಗೆ ಅಂದಿದ್ದು!'

'ಮೇಷ್ಟ್ರ ಕೈಯಾಗ ಏನಿತ್ತು ಬಿಡಾಕ?'

 ನಾನು ನನ್ನ ಕೈ ನೋಡಿಕೊಂಡೆ. ಡ್ರಿಲ್ಲಿಂಗ್ ಮಷಿನಿನ ಗ್ರೀಸು ಮೆತ್ತಿತ್ತು, ಅಷ್ಟೇ.

'ಏಣಿ ಇಳಿದ ಮೇಲೆ ಅಂತ ಹೇಳಿದ್ನಲ್ರೀ ಕಾಕಾ.'

'ಹೌದಪಾ, ಹೇಳಿದ್ದಿ. ಆಮೇಲೆ ಏನೋ ವಿಚಾರ ಬದಲು ಮಾಡಿದಿ ಅನ್ಕಂಡೆ. ಮೇಲೆ ಕುಂತಾವ ನೀನು, ನಿಂಗ ಗೊತ್ತು.'

ಸದ್ದು ಕೇಳಿ ಹಿಂದಿನ ಮನೆಯಿಂದ ಅಕ್ಕ ಓಡಿಬಂದಳು. ಬಿದ್ದ ತೊಲೆ, ಮುರಿದ ಕುರ್ಚಿ, ಗಂಡನ ಅಂಗೈ ಎಲ್ಲವನ್ನೂ ಒಂದೇ ನೋಟಕ್ಕೆ ನೋಡಿದಳು. ನಡೆದದ್ದನ್ನು ನಾನೇ ಹೇಳಿದೆ. ಅವಳು ಕೇಳಿ ಮುಗಿಸಿ ಭಾವನ ಕಡೆ ತಿರುಗಿದಳು. 'ಇವನಿಗೆಂತಕ್ಕೆ ರೀ ಹಚ್ಚೋದು? ನನ್ನ ತಮ್ಮ ಇವ್ನು. ಬಿಡೋ ಅಂದಿದ್ರೆ ಕಾಕಾಗೂ ಗೊತ್ತಾಗ್ತಿತ್ತು, ಹಗ್ಗಕ್ಕೂ ಗೊತ್ತಾಗ್ತಿತ್ತು.'

ಅವಳು ಹೇಳಿದ್ದು ಸರಿ. ಹಿರಿಯರಾದ ಕಾಕಾನಿಗೂ ರೀ, ಓದಿದವನಾದ ನನಗೂ ರೀ. ಎರಡೂ ಒಂದೇ ದನಿಯಲ್ಲಿ, ಒಂದೇ ಮಾಡಿನ ಕೆಳಗೆ. ನನ್ನ ಎಂಎಸ್ಸಿ ಪದವಿ ಮನೆಯವರಿಗೆ ಏನು ಕೊಟ್ಟಿತು ಎಂದು ಯಾರಾದರೂ ಕೇಳಿದರೆ ಇನ್ನು ಮುಂದೆ ಹೇಳಲು ಒಂದು ಉದಾಹರಣೆಯಂತೂ ಸಿಕ್ಕಿತು.

ನಗುವಷ್ಟು ಹೊತ್ತು ನಮಗಿರಲಿಲ್ಲ. ಟ್ರಸ್ಸು ಬರೀ ಚೈನಿನ ಮೇಲೆ ನಿಂತಿತ್ತು. ಅದರ ಮೇಲೆ ಒಬ್ಬ ಮನುಷ್ಯ ಬೇರೆ ಜಗ್ಗಿ ನೇತಾಡಿದ್ದ. ಆಕಾಶ ಮಧ್ಯಾಹ್ನಕ್ಕೇ ಕಪ್ಪಾಗಿ, ಮೇ ತಿಂಗಳ ಗಾಳಿಮಳೆ ಬರುವ ಹಾಗಿತ್ತು. ಅದು ಬರುವ ಮೊದಲು ಹೊಸ ಚಾನೆಲ್ ಕೂರಿಸಿ ಬೋಲ್ಟು ಬಿಗಿಯಲೇಬೇಕು. ಇಲ್ಲದಿದ್ದರೆ ಮಾಡು, ಗೋಡೆ, ಈ ಮಳೆಗಾಲ ಎಲ್ಲವೂ ಹೋದಂತೆ. ಭಾವ ಎದ್ದರು. ಸ್ಪ್ಯಾನರ್ ಹಿಡಿಯಲು ಹೋದರೆ ಬೆರಳು ಮಡಚಲಾಗಲಿಲ್ಲ. ಕಾಕಾ ಹಗ್ಗದ ಕಡೆಯವರು, ಅವರಷ್ಟು ತೂಕ ಎಳೆಯುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, 'ನಾನೇ ಹತ್ತುತ್ತೀನಿ' ಎಂದಳು. ಆಗ ನನ್ನ ಬಾಯಿ ನನ್ನನ್ನು ಕೇಳದೆ, 'ನಾನು ಹತ್ತುತ್ತೇನೆ' ಎಂದುಬಿಟ್ಟಿತು. ಆ ದಿನ ಅದು ಎರಡನೆಯ ಸಲ ನನ್ನನ್ನು ಕೇಳದೆ ಮಾತಾಡಿದ್ದು.

ಪಕ್ಕದ ಮನೆಯಿಂದ ಬೇರೆ ಏಣಿ ಬಂತು. ಅಕ್ಕ ಅಪ್ಪಣೆ ಹೊರಡಿಸಿದಳು: 'ಕೆಲಸ ಮುಗಿಯೋ ತನಕ ಈ ಶೆಡ್ಡಲ್ಲಿ ಆ ಮಾತು ಯಾರ ಬಾಯಲ್ಲೂ ಬರ್ಬಾರ್ದು. ಇಳಿಸು ಅನ್ನಿ, ಎಳಿ ಅನ್ನಿ, ಅದೊಂದ್ ಬೇಡ.' ಕಾಕಾ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ, ತುದಿಯನ್ನು ತಮ್ಮ ಸೊಂಟಕ್ಕೂ ಕಟ್ಟಿಕೊಂಡರು. 'ಈಗ ನಾ ಸತ್ರೂ ಬಿ...' ಎಂದು ಹೊರಟು, ಅಕ್ಕನ ಮುಖ ನೋಡಿ, 'ಸತ್ರೂ ಇಲ್ಲೇ ಇರ್ತೀನಿ' ಎಂದು ತಿದ್ದಿಕೊಂಡರು.

ನಾನು ಏಣಿ ಹತ್ತಿದೆ. ಭಾವ ಏಣಿಯ ಕಾಲನ್ನು ಮೊಣಕೈಯಿಂದ ಅವುಚಿಕೊಂಡು ಕೆಳಗೆ ನಿಂತರು. ನಡುವಿಗೆ ಬಂದಾಗ ಏಣಿ ಗಡಗಡ ಅನ್ನತೊಡಗಿತು. 'ಗಾಳಿ ಶುರುವಾತೇನ್ರೀ ಮೇಷ್ಟ್ರೇ?' ಎಂದು ಕಾಕಾ ಕೇಳಿದರು. ಗಾಳಿಯಲ್ಲ, ನನ್ನ ಮೊಣಕಾಲು. ಚಾನೆಲ್ ನಿಧಾನವಾಗಿ ಮೇಲೆ ಬಂದು ನನ್ನ ಮೂಗಿನ ಮುಂದೆ ನಿಂತಿತು. ಅದರ ತೂತನ್ನು ಪಟ್ಟಿಯ ತೂತಿಗೆ ಹೊಂದಿಸಿ ಬೋಲ್ಟು ತೂರಿಸುವುದು ಸುಲಭದ ಕೆಲಸ, ಎರಡು ಕೈಯನ್ನೂ ಉಪಯೋಗಿಸುವುದಾದರೆ. ನನ್ನ ಒಂದು ಕೈ ಇಳಿಜಾರು ಮರವನ್ನು ತಬ್ಬಿಕೊಂಡೇ ಇತ್ತು. ನಟ್ಟು ಬಿತ್ತು. ಭಾವ ಎತ್ತಿಕೊಟ್ಟರು. ಮತ್ತೆ ಬಿತ್ತು, ಈ ಸಲ ಅವರ ತಲೆಯ ಮೇಲೇ. ಅವರು ಏನೋ ಅನ್ನಲು ಬಾಯಿ ತೆರೆದು, ಯಾವ ಮಾತಿನಿಂದ ಶುರು ಮಾಡಿದರೆ ಎಲ್ಲಿಗೆ ಹೋಗುತ್ತದೋ ಎಂದು ಹೆದರಿ ಮುಚ್ಚಿಕೊಂಡರು. ಕೊನೆಗೆ ಒಂದು ಕಡೆ ಬಿಗಿಯಿತು. ಇಳಿದು, ಏಣಿಯನ್ನು ಆಚೆ ಗೋಡೆಗೆ ಇಟ್ಟು, ಮತ್ತೆ ಹತ್ತಿ, ಇನ್ನೊಂದು ಕಡೆಯನ್ನೂ ಬಿಗಿದೆ. ಸ್ಪ್ಯಾನರ್ ಇನ್ನು ತಿರುಗದು ಎನ್ನುವವರೆಗೆ ಬಿಗಿದೆ. ತಿರುಗದು ಎಂದಾದ ಮೇಲೂ ಬಿಗಿದೆ.

'ಸಾಕು, ಇಳೀರಿ' ಎಂದರು ಭಾವ.

ನನ್ನಿಂದ ಆಗಲಿಲ್ಲ. ಎರಡೂ ಕೈ ಹೊಸ ಚಾನೆಲ್ಲನ್ನು ಹಿಡಿದುಕೊಂಡಿದ್ದವು, ಅವಕ್ಕೆ ನನ್ನ ಮಾತು ಕೇಳಿಸುತ್ತಿರಲಿಲ್ಲ. ಕೆಳಗೆ ಮೂವರೂ ಮೇಲೆ ನೋಡುತ್ತ ನಿಂತಿದ್ದರು. ಅವರು ನನಗೆ ಹೇಳಬೇಕಾಗಿದ್ದ ಮಾತು ಒಂದೇ ಒಂದು, ಅದನ್ನು ಹೇಳಲು ಯಾರಿಗೂ ಧೈರ್ಯವಿಲ್ಲ.

'ಕೈ... ಕೈ ಬೇರೆ ಕಡೆ ಇಡೋ' ಎಂದಳು ಅಕ್ಕ.

'ಬೆರಳು ಒಂದೊಂದಾಗಿ ತೆಗೀರಿ' ಎಂದರು ಭಾವ.

'ಕುರಿ ಮರಿ ಬೇಲ್ಯಾಗ ಸಿಕ್ಕಾಗ ನಾವು ಹಿಂದಿಂದ ಕಾಲು ಜಗ್ತೀವಿ' ಎಂದರು ಕಾಕಾ.

ಕಾಲು ಜಗ್ಗುವ ಮಾತು ಕೇಳಿದ್ದೇ ತಡ, ನಾನು ಇಳಿದುಬಂದೆ. ಆಮೇಲೆ ಭಾವ ಅಂಗೈಗೆ ಬಟ್ಟೆ ಸುತ್ತಿಕೊಂಡು ಚೈನನ್ನು ಕೊಂಚ ಕೊಂಚವೇ ಸಡಿಲಿಸಿದರು. ಮಾಡು ಒಮ್ಮೆ ಸಣ್ಣಗೆ ನರಳಿ ಸುಮ್ಮನಾಯಿತು. ಗೋಡೆ ಅಲುಗಲಿಲ್ಲ. ಅಕ್ಕ ಮೂವರನ್ನೂ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ದೊಡ್ಡದು ಎಂದು ಅವಳ ಲೆಕ್ಕ. ನನಗೆ ಅಂಥದ್ದರಲ್ಲಿ ನಂಬಿಕೆಯಿಲ್ಲ. ಆದರೂ ಇನ್ನೊಂದು ಸಲ ನಿವಾಳಿಸಲು ಹೇಳಿದೆ.

ಆ ವಾರವೇ ಭಾವ ಒಬ್ಬ ಇಂಜಿನಿಯರನ್ನು ಕರೆತಂದು ತೋರಿಸಿದರು. ನಾನು ಕೇಳಿಕೊಂಡಿರಲಿಲ್ಲ, ನನಗೆ ಆ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕು ಉಳಿದಿರಲಿಲ್ಲ. ಅವರು ನೋಡಿ, ಗೋಡೆಯ ಮೂಲೆಗಳಿಗೆ ಇನ್ನೆರಡು ಕಡೆ ಕಬ್ಬಿಣ ಕೊಡಿ ಎಂದರಂತೆ. ಕೊಟ್ಟರು. ಹಂಚು ಮತ್ತೆ ಮೇಲೇರಿತು.

ಜೂನಿನಲ್ಲಿ ಮೊದಲ ಹಾರ್ವೆಸ್ಟರು ಬಂತು. ಆ ದಿನ ನಾನೂ ಹೋಗಿದ್ದೆ. ಮಳೆ ಜಡಿಯುತ್ತಿತ್ತು. ಡ್ರೈವರು ಅಭ್ಯಾಸಬಲದಿಂದ ಬಾಗಿಲಲ್ಲೇ ನಿಲ್ಲಿಸಿದ. ಭಾವ ಒಳಗಿಂದ, 'ಬರ್ಲಿ, ಬರ್ಲಿ' ಎಂದು ಕೈ ಬೀಸಿದರು. ಆ ಕೆಂಪು ಯಂತ್ರ ತಲೆ ತಗ್ಗಿಸದೆ, ಚಾನೆಲ್ಲುಗಳ ಕೆಳಗೆ ಒಂದು ಗೇಣು ಜಾಗ ಉಳಿಸಿಕೊಂಡು, ಇಡೀ ಮೈಯೊಂದಿಗೆ ಒಳಗೆ ಬಂತು. ನಾನು ಆಗ ಅಂಗಳದಲ್ಲಿ ಕೊಡೆ ಹಿಡಿದು ನಿಂತಿದ್ದೆ. ಒಳಗೆ ಕರೆದವರಿಗೆ, ಇಲ್ಲೇ ಗಾಳಿ ಚೆನ್ನಾಗಿದೆ ಎಂದು ಹೇಳಿದ್ದೆ.

ಭಾವ ಮುಖಕ್ಕೆ ಗ್ಲಾಸು ಇಳಿಸಿಕೊಂಡು ವೆಲ್ಡಿಂಗ್ ಶುರು ಮಾಡಿದರು. ಒಣ ನೆಲ, ಒಣ ಕೈ. ಹೋದ ವರ್ಷ ಕರೆಂಟು ಹೊಡೆದ ಮೇಲೆ, ಅವರು ಮಳೆಯಲ್ಲಿ ವೆಲ್ಡಿಂಗ್ ಮಾಡುವಷ್ಟು ಹೊತ್ತೂ ಅಕ್ಕ, ಮತ್ತೆ ಹೊಡೆದರೆ ಆ ಕ್ಷಣವೇ ಆರಿಸಲೆಂದು, ಶೆಡ್ಡಿನ ಬಾಗಿಲ ಒಳಬದಿಯ ಮೈನ್ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ನಿಂತಿರುತ್ತಿದ್ದಳಂತೆ. ಒಲೆಯ ಮೇಲೆ ಸಾರು ಉಕ್ಕಿದರೂ ಕದಲುತ್ತಿರಲಿಲ್ಲವಂತೆ. ಇದನ್ನು ಅವಳು ನನಗೆ ಆವತ್ತು ಹೇಳಿದ್ದು, ಸ್ವಿಚ್ಚಿನ ಪಕ್ಕದಲ್ಲೇ ನಿಂತು. ಒಂದಷ್ಟು ಕಿಡಿ ಹಾರುವುದನ್ನು ನೋಡಿದಳು. ಮಾಡನ್ನು ನೋಡಿದಳು. ಆಮೇಲೆ, 'ಅನ್ನಕ್ಕೆ ಇಟ್ಟು ಬರ್ತೀನಿ' ಎಂದು ಹಿಂದಿನ ಮನೆಗೆ ಹೋದಳು.

ಅವಳು ವಾಪಸು ಬರುವವರೆಗೆ ಯಾರಾದರೂ ಅಲ್ಲಿ ಇರಬೇಕಲ್ಲ ಎಂದು ನಾನು ಕೊಡೆ ಮಡಚಿ ಶೆಡ್ಡಿನೊಳಗೆ ಹೋದೆ. ಆ ಮಾಡಿನ ಕೆಳಗೆ, ಸ್ವಿಚ್ಚಿನ ಪಕ್ಕ ನಿಂತೆ. ಅವಳು ಬರಲೇ ಇಲ್ಲ. ಅನ್ನ ಬೆಂದು, ಸಾರು ಕುದಿದು, ಊಟಕ್ಕೆ ಕರೆಯುವವರೆಗೂ ಬರಲಿಲ್ಲ.